ಸ್ವಲ್ಪ ಹಸಿ ಉಂಟು

ನಾನೀಗ ಹಳೆಯಂಗಡಿಯಲ್ಲಿ, ಮಾವನ ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದೇನೆ. ಎದುರಿಗೆ ಎರಡು ಸ್ಟೂಲುಗಳ ಮೇಲೆ ಏಳೂವರೆ ಅಡಿಯ ಸರ್ಫ್ ಬೋರ್ಡ್, ಅಂದರೆ ಕಡಲ ಅಲೆಯ ಮೇಲೆ ನಿಂತು ಜಾರುವ ಹಲಗೆ, ಮಲಗಿದೆ. ಬೆಳಿಗ್ಗೆ 7 ಗಂಟೆಗೆ ರೆಸಿನ್ ಬಳಿದದ್ದು, ಒಣಗಿದರೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ ಅದು, ಇನ್ನೂ ಅಂಟಂಟು. ಕಾವಲು ಕಾಗೆಗಲ್ಲ, ನಾಯಿಗೂ ಅಲ್ಲ. ಮಾವನ ಹೆಬ್ಬೆರಳಿಗೆ.

ಮೊದಲಿಂದ ಹೇಳುತ್ತೇನೆ. ಇಲ್ಲಿಂದ ಸ್ಕೂಟರಿನಲ್ಲಿ ಹೋದರೆ ಸಸಿಹಿತ್ಲು. ನಂದಿನಿ, ಶಾಂಭವಿ ಹೊಳೆಗಳು ಕಡಲು ಸೇರುವ ಜಾಗ. 2016ರಲ್ಲಿ ಅಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದಾಗ ನಾನು ಜನರ ಮಧ್ಯೆ ನಿಂತು ಚುರುಮುರಿ ತಿಂದವನು. ಈಗ ಎರಡು ವರ್ಷದಿಂದ ಬಾಡಿಗೆ ಬೋರ್ಡಿನಲ್ಲಿ ಬಿದ್ದು ಏಳುತ್ತಿದ್ದೇನೆ. ಏಳುವುದಕ್ಕಿಂತ ಬೀಳುವುದೇ ಜಾಸ್ತಿ. ಇದಕ್ಕೆ ಬಾಡಿಗೆ ಬೋರ್ಡೇ ಕಾರಣ ಅಂತ ನನಗೆ ಖಾತ್ರಿಯಾಗಿತ್ತು. ಹೊಸದು ಕೊಳ್ಳೋಣ ಅಂದರೆ ಬೆಲೆ ಕೇಳಿಯೇ ಈಜು ಮರೆತುಹೋಗುತ್ತದೆ. ಸರಿ, ನಾವೇ ಮಾಡಿಕೊಂಡರಾಯಿತು, ಅದರಲ್ಲೇನು ಮಹಾ? ಮಂಗಳೂರಿನ ನಮ್ಮ ಫ್ಲ್ಯಾಟಿನ ಲಿಫ್ಟಿಗೆ ಏಳೂವರೆ ಅಡಿ ಹಿಡಿಸುವುದಿಲ್ಲ. ಹಾಗಾಗಿ ಶನಿವಾರ, ಭಾನುವಾರ ಮಾವನ ಅಂಗಳ.

ಬೋರ್ಡಿನ ಹೊಟ್ಟೆಯೊಳಗೆ ಇರುವುದು ಫೋಮ್. ನಮ್ಮಲ್ಲಿ ಸುಲಭಕ್ಕೆ ಸಿಗುವುದು ಥರ್ಮೋಕೋಲ್, ಮೀನಿನ ಪೆಟ್ಟಿಗೆ ಮಾಡುವಂಥದ್ದೇ, ಸ್ವಲ್ಪ ಗಟ್ಟಿಯದ್ದು. ದಪ್ಪ ಹಲಗೆಯನ್ನು ಉದ್ದಕ್ಕೆ ಸೀಳಿ, ನಡುವೆ ತೆಳು ಪ್ಲೈವುಡ್ಡಿನ ಪಟ್ಟಿ ಅಂಟಿಸಬೇಕು. ಅದಕ್ಕೆ ಸ್ಟ್ರಿಂಗರ್ ಅಂತ ಹೆಸರು, ಬೋರ್ಡಿನ ಬೆನ್ನೆಲುಬು. ಆಮೇಲೆ ಕೆತ್ತನೆ. ತಳ ದೋಣಿಯ ಹಾಗೆ ಸ್ವಲ್ಪ ಬಾಗಬೇಕು, ಅಂಚು ಎರಡೂ ಕಡೆ ಒಂದೇ ಸಮ ಉರುಟಾಗಬೇಕು. ಎಡ ಅಂಚು ಸರಿಯಾದರೆ ಬಲ ದಪ್ಪ ಕಾಣುತ್ತದೆ. ಬಲ ತೆಗೆದರೆ ಎಡ ದಪ್ಪ. 22 ಇಂಚು ಅಗಲಕ್ಕೆ ಶುರು ಮಾಡಿದ್ದು ಸಂಜೆಯಾಗುವಾಗ ಇಪ್ಪತ್ತೂವರೆಗೆ ಬಂತು. ಕತ್ತಲಾದ್ದಕ್ಕೆ ನಿಲ್ಲಿಸಿದೆ, ಇಲ್ಲದಿದ್ದರೆ ಕ್ರಿಕೆಟ್ ಬ್ಯಾಟ್ ಆಗುತ್ತಿತ್ತು.

ಉಜ್ಜಿದ ಥರ್ಮೋಕೋಲ್ ಎಲ್ಲಿಗೆ ಹೋಗುತ್ತದೆ ಗೊತ್ತಾ? ಎಲ್ಲ ಕಡೆಗೂ. ಬಿಳಿ ಕಾಳುಗಳು ಕೈಗೆ, ಕೂದಲಿಗೆ, ಬೆಕ್ಕಿಗೆ ಅಂಟಿಕೊಳ್ಳುತ್ತವೆ. ಗುಡಿಸಿದರೆ ಹಾರಿ ಇನ್ನೊಂದು ಕಡೆ ಕೂರುತ್ತವೆ. ತೆಂಗಿನ ಬುಡದಲ್ಲಿ, ತುಳಸಿಕಟ್ಟೆಯಲ್ಲಿ ಎಲ್ಲಾ ಹಿಮ ಬಿದ್ದ ಹಾಗೆ. ಬಿಸು ಹಬ್ಬದ ದಿನ ಊಟಕ್ಕೆ ಕೂತಾಗ ಮಾವ, "ಪಾಯಸಕ್ಕೆ ಸಬ್ಬಕ್ಕಿ ಸ್ವಲ್ಪ ಜಾಸ್ತಿಯಾಯಿತಲ್ಲಾ" ಅಂದರು. ಹೆಂಡತಿ ನನ್ನ ಕಡೆ ನೋಡಿದಳು. ಅವಳು ಮಾಡಿದ್ದು ಕಡಲೆಬೇಳೆ ಪಾಯಸ.

"ಮರದಲ್ಲೇ ಮಾಡಬಹುದಿತ್ತಲ್ಲ?" ಅಂತ ಮಾವ ಆವತ್ತೇ ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಹವಾಯಿಯಲ್ಲಿ ಹಿಂದೆ ಬೋರ್ಡು ಮಾಡುತ್ತಿದ್ದದ್ದು ಮರದಲ್ಲೇ. ವಿಲಿವಿಲಿ ಅಂತ ಒಂದು ಹಗುರ ಮರ ಉಂಟು, ಅದು ನಮ್ಮ ಹಾಲುವಾಣದ ಜಾತಿ. ಇದನ್ನು ಹೇಳಬಾರದಿತ್ತು. ಅಂದಿನಿಂದ ಅವರಿಗೆ ತೋಟದಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿದ ಹಾಲುವಾಣ ಕಂಡಾಗಲೆಲ್ಲ ಬೋರ್ಡ್ ಕಾಣುತ್ತದೆ, ನನ್ನನ್ನು ಕಂಡಾಗಲೆಲ್ಲ ಹಾಲುವಾಣ.

ಇನ್ನು ರೆಸಿನ್. ಫೈಬರ್ ದೋಣಿ ಮಾಡುವವರೊಬ್ಬರ ಹತ್ತಿರ ಹೋಗಿ ಒಂದು ಲೀಟರ್ ಕೇಳಿದೆ. "ಎಂತಕ್ಕೆ?" ಅಂದರು. ಹೇಳಿದೆ. "ಇದು ಪಾಲಿಯೆಸ್ಟರ್ ರೆಸಿನ್ ಮಾರಾಯ್ರೇ, ಥರ್ಮೋಕೋಲನ್ನು ತಿಂದು ಹಾಕ್ತದೆ" ಅಂದರು. ನನಗೆ ನಂಬಿಕೆ ಬರಲಿಲ್ಲ. ಅದರಲ್ಲಿರುವ, ಥರ್ಮೋಕೋಲನ್ನು ಕರಗಿಸುವ ಸ್ಟೈರೀನ್ ನನ್ನ ನಂಬಿಕೆಗೆ ಕಾಯಲೂ ಇಲ್ಲ. ಒಂದು ತುಂಡಿನ ಮೇಲೆ ಸುರಿದು ನೋಡಿದೆ, ಎರಡೇ ನಿಮಿಷದಲ್ಲಿ ನೀರುದೋಸೆಯ ಹಾಗೆ ತೂತು ತೂತು. ಥರ್ಮೋಕೋಲಿಗೆ ಎಪಾಕ್ಸಿ ಅನ್ನುವ ಬೇರೆ ಜಾತಿಯ ರೆಸಿನ್ನೇ ಆಗಬೇಕು. ಅದು ದುಬಾರಿ, ಮೇಲಿಂದ ಸಿಡುಕು. ನನ್ನದು ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡ್‌ನರ್, ಅದನ್ನು ಗಟ್ಟಿ ಮಾಡುವ ದ್ರವ. ಅಳತೆ ಸರಿಯಾಗಿಯೇ ಇತ್ತು. ಆದರೆ ಬೆರೆಸಿದ್ದನ್ನು ಡಬ್ಬಿಯಲ್ಲಿ ಹಾಗೇ ಬಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತೆ. ರಾಶಿಯಾಗಿ ಇದ್ದರೆ ಅದು ತನ್ನ ಬಿಸಿಗೆ ತಾನೇ ಕುದಿಯುತ್ತದೆ, ಅದರಲ್ಲೂ ನಮ್ಮ ಏಪ್ರಿಲ್ ಸೆಕೆಗೆ. ತಿರುಗಿ ನೋಡುವಾಗ ಐಸ್‌ಕ್ರೀಂ ಡಬ್ಬಿಯಿಂದ ಹೊಗೆ. ಡಬ್ಬಿ, ಕೋಲು, ರೆಸಿನ್ ಎಲ್ಲಾ ಸೇರಿ ಒಂದೇ ಕಲ್ಲು. ಎಂತ ಸಾವು ಮಾರಾಯ್ರೇ!

ಫೋಮ್ ಮೇಲೆ ಗ್ಲಾಸ್ ಬಟ್ಟೆ, ಅಂದರೆ ಗಾಜಿನ ಎಳೆಯ ಬಟ್ಟೆ, ಹೊದಿಸುವ ಕೆಲಸ ಮಾತ್ರ ಚಂದ. ಬಿಳಿ ವೇಷ್ಟಿಯ ಹಾಗೆ ಕಾಣುವ ಬಟ್ಟೆ, ರೆಸಿನ್ ಕುಡಿದ ಕೂಡಲೇ ಮಾಯ. ಆಮೇಲಿನ ತುರಿಕೆ ಮಾಯವಾಗುವುದಿಲ್ಲ. ಅಂಚು ಉಜ್ಜಿದ ಧೂಳು ಮೈಗೆ ತಾಗಿದರೆ ನಸುಗುನ್ನಿ ಸವರಿದ ಹಾಗೆ. ನನ್ನ ಬನಿಯನ್ ಎಲ್ಲರ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್‌ಗೆ ಬಿತ್ತು. ಮುಂದಿನದ್ದು ಬೇಡ.

ಬಟ್ಟೆಯ ಮೇಲೆ ಕೊನೆಗೆ ಬಳಿಯುವ ಪದರಕ್ಕೆ ಹಾಟ್ ಕೋಟ್ ಅನ್ನುತ್ತಾರೆ. ಅದು ತಾನಾಗಿ ಹರಡಿ ಸಮ ಆಗುತ್ತದೆ. ಕಳೆದ ಭಾನುವಾರ ಮೇಲ್ಮೈಗೆ ಬಳಿದು ದೂರ ನಿಂತು ನೋಡಿದೆ. ಕರಗಿದ ತುಪ್ಪದ ಹಾಗೆ ಹೊಳಪು, ಅದರೊಳಗೆ ತೆಂಗಿನ ಗರಿ ಅಲ್ಲಾಡುವುದು ಕಾಣುತ್ತಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಕೈಯಲ್ಲಿ ಒಂದು ನಯವಾದ ವಸ್ತು ಆಗಿತ್ತು. ಸ್ನಾನಕ್ಕೆ ಹೋದೆ.

ಬರುವಾಗ ಮಾವ ಬೋರ್ಡಿನ ಪಕ್ಕ ನಿಂತಿದ್ದರು. ಸರಿಯಾಗಿ ನಡುವಿಗೆ ಹೆಬ್ಬೆರಳು ಒತ್ತಿ, ಎತ್ತಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ ವರದಿ ಕೊಟ್ಟರು.

"ಸ್ವಲ್ಪ ಹಸಿ ಉಂಟು."

ಆಗಲೇ ಹೇಳಿದೆನಲ್ಲ, ಅಂಗಳ ಅವರದ್ದು. ಮಗಳೂ ಅವರದ್ದೇ. ನಾನು "ಹೌದಾ ಮಾವ" ಅಂದೆ. ಅವರು ಬೆರಳನ್ನು ಕಂಬಕ್ಕೆ ಒರೆಸಿದರು. ಹೋಗಲಿಲ್ಲ. ಪೇಪರಿಗೆ ಒರೆಸಿದರು, ಕ್ರೀಡಾಪುಟ ಬೆರಳಿಗೇ ಅಂಟಿಕೊಂಡಿತು. ಮಧ್ಯಾಹ್ನ ಕುಳಿ ತುಂಬಿಸಿ ಪುನಃ ಬಳಿದೆ. ಈ ಸಲ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಮುಟ್ಟಬೇಡಿ" ಅಂತ ಬರೆದು ಸ್ಟೂಲಿಗೆ ಕಟ್ಟಿದೆ. ಸಂಜೆ ನೋಡುವಾಗ ಇನ್ನೊಂದು ಗುರುತು. "ಮುಟ್ಟಬೇಡಿ ಅಂತ ಬರೆದದ್ದು ಯಾಕೆ ಅಂತ ನೋಡಿದೆ" ಅಂದರು. "ಈಗ ಅಡ್ಡಿಯಿಲ್ಲ. ಬೆಳಿಗ್ಗೆಯಷ್ಟು ಹಸಿ ಇಲ್ಲ."

ಸೋಮವಾರ ಅವರು ಅಕ್ಕಿ ತರಲು ನ್ಯಾಯಬೆಲೆ ಅಂಗಡಿಗೆ ಹೋದರು. ಬೆರಳು ಒತ್ತುವ ಮೆಷಿನ್ ಒಪ್ಪಲಿಲ್ಲ. ಒರೆಸಿ ಒತ್ತಿದರು, ಉಗುಳು ಹಚ್ಚಿ ಒತ್ತಿದರು. ಒಪ್ಪುವುದು ಹೇಗೆ? ಹೆಬ್ಬೆರಳಿನ ಗೆರೆಗಳ ಮೇಲೆ ನಾನು ಇಷ್ಟು ಖರ್ಚು ಮಾಡಿ ತಂದ ಎಪಾಕ್ಸಿ ಗಾಜಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಸರತಿಯಲ್ಲಿ ನಿಂತವರು ತೆಂಗಿನೆಣ್ಣೆ ಅಂದರು, ಸೀಮೆಎಣ್ಣೆ ಅಂದರು. ಮಾವ ಅಲ್ಲಿಂದಲೇ ನನಗೆ ಫೋನು ಮಾಡಿದರು. ನಾನು ಮಂಗಳೂರಿನಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ಅವರ ಗೆರೆ ಗೆರೆಯೂ ಸ್ಪಷ್ಟವಾಗಿ ಮೂಡಿದ ಗುರುತು ಇರುವುದು ಒಂದೇ ಕಡೆ, ಏಳೂವರೆ ಅಡಿಯ ಬೋರ್ಡಿನ ನಡುವೆ. ಅದನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ ಮೆಷಿನ್‌ಗೆ ತೋರಿಸಬಹುದು ಅಂತ ಬಾಯಿಯ ತುದಿಯವರೆಗೆ ಬಂತು. "ತೋರುಬೆರಳು ಒತ್ತಿ ನೋಡಿ ಮಾವ" ಅಂದೆ. ಅದೂ ಆಗಲಿಲ್ಲ. ಎರಡನೇ ಸಲ ಹಸಿ ನೋಡಿದ್ದು ತೋರುಬೆರಳಿನಲ್ಲಂತೆ. ಅಕ್ಕಿ ಸಿಕ್ಕಿದ್ದು ನಾಲ್ಕನೇ ಬೆರಳಿಗೆ.

ಹೆಂಡತಿಯ ಹತ್ತಿರ ರಾತ್ರಿ ಸಿಟ್ಟಿನಲ್ಲೇ ಹೇಳಿದೆ, ನಿನ್ನ ಅಪ್ಪನಿಗೆ ಎಂತ ಚಾಳಿ ಇದು ಅಂತ. ಅವಳು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಏಪ್ರಿಲ್, ಮೇ ಬಂದರೆ ಅತ್ತೆ ಇದೇ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಕಾಗೆ ಓಡಿಸುವುದು, ಮಗುಚಿ ಹಾಕುವುದು ಮಾವನ ಕೆಲಸ. ಅತ್ತೆ ಒಳಗಿನಿಂದ "ಒಣಗಿತಾ?" ಅಂತ ಕೂಗಿದರೆ ಮಾವ ಹೆಬ್ಬೆರಳು ಒತ್ತಿ, "ಸ್ವಲ್ಪ ಹಸಿ ಉಂಟು" ಅನ್ನುತ್ತಿದ್ದರಂತೆ. ಅತ್ತೆ ಹೋಗಿ ಮೂರು ವರ್ಷ. ಆ ಮೇಲೆ ಈ ಅಂಗಳದಲ್ಲಿ ಏನನ್ನಾದರೂ ಒಣಗಲು ಇಟ್ಟವನು ನಾನೇ ಮೊದಲು.

ಹಾಗಂತ ಹಾಟ್ ಕೋಟ್ ಹಪ್ಪಳ ಅಲ್ಲ. ಎರಡು ಗುರುತು ಉಜ್ಜಿ ತೆಗೆಯಲು ನನಗೆ ಒಂದು ಶನಿವಾರ ಪೂರ್ತಿ ಹೋಗಿದೆ, ಭುಜ ಈಗಲೂ ನೋಯುತ್ತಿದೆ. ಇವತ್ತು ಹಿಂಬದಿಯ ಸರದಿ. ಇನ್ನು ಅರ್ಧ ಲೀಟರ್ ಮಾತ್ರ ಉಳಿದಿದೆ. ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ಆ ತುಳು ದಿನದ ಒಳಗೆ, ನೀರಿಗೆ ಇಳಿಸದಿದ್ದರೆ ಮಳೆ ಶುರು, ಆಮೇಲೆ ನನ್ನಂಥವನಿಗೆ ಆ ಕಡಲು ಅಲ್ಲ.

ಹತ್ತೂವರೆ ಆಯಿತು. ಒಂದು ಇರುವೆ ರೆಸಿನ್‌ಗೆ ಸಿಕ್ಕಿಕೊಂಡಿದೆ, ಅದನ್ನು ಬಿಟ್ಟರೆ ಎಲ್ಲಾ ಸರಿ ಉಂಟು. ಬೆಳಿಗ್ಗೆಯಿಂದ ಕಾಫಿ ಕುಡಿದಿಲ್ಲ. ಮಾವ ಈಗಷ್ಟೇ ಇನ್ನೊಂದು ಕುರ್ಚಿ ತಂದು ನನ್ನ ಪಕ್ಕದಲ್ಲಿ ಹಾಕಿ ಕೂತರು. ಕೈ ಎರಡೂ ಕಂಕುಳಲ್ಲಿ. ಬೋರ್ಡನ್ನೇ ನೋಡುತ್ತಾ, "ನೀವು ಹೋಗಿ ಕಾಫಿ ಕುಡಿದು ಬನ್ನಿ, ನಾನು ನೋಡಿಕೊಳ್ತೇನೆ" ಅನ್ನುತ್ತಿದ್ದಾರೆ.