ಐದು ಪಾಯಿಂಟ್ ಹತ್ತು

1956ರ ಕೊನೆಯ ಎರಡು ತಿಂಗಳಲ್ಲಿ ಕಾಸರಗೋಡಿಗೆ ಎರಡು ಬದಲಾವಣೆಗಳು ಬಂದವು. ನವೆಂಬರ್ 1ರಂದು ಇಲ್ಲಿನವರು ಇದ್ದಲ್ಲೇ ಇದ್ದು ಕೇರಳದವರಾದರು. ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆಗೆ ಅಂಕಿತ ಬಿದ್ದು, ಉಳಿದ ಭಾರತೀಯರಂತೆ ನಿಂತಲ್ಲೇ ನಿಂತು ಸೆಂಟಿಮೀಟರಿನವರಾದರು. ಮೊದಲನೆಯದು ರಾತ್ರಿ ಬೆಳಗಾಗುವುದರೊಳಗೆ ಜಾರಿಯಾಯಿತು. ಎರಡನೆಯದು ಅಂಗಡಿಗೆ ಬಂತು, ಶಾಲೆಗೆ ಬಂತು, ರಸ್ತೆಬದಿಯ ಕಲ್ಲಿಗೂ ಬಂತು, ಆದರೆ ಮನುಷ್ಯನ ಮೈಗೆ ಮಾತ್ರ ಇನ್ನೂ ಬಂದು ತಲುಪಿಲ್ಲ.

ಅಕ್ಕಿ ಸೇರನ್ನು ಬಿಟ್ಟು ಕಿಲೋಗೆ ಹೋಯಿತು, ಹಾಲು ಕುಡ್ತೆಯನ್ನು ಬಿಟ್ಟು ಲೀಟರಿಗೆ ಹೋಯಿತು, ಬಟ್ಟೆ ಗಜವನ್ನು ಮರೆತು ಮೀಟರಿಗೆ ಹೊಂದಿಕೊಂಡಿತು. ಚಿನ್ನಕ್ಕೆ ಪವನು, ಜಾಗಕ್ಕೆ ಸೆಂಟು, ಬಾವಿಗೆ ಕೋಲು ಉಳಿದುಕೊಂಡವು. ಅವುಗಳಿಂದ ಯಾರಿಗೂ ದೊಡ್ಡ ತೊಂದರೆಯಾದಂತಿಲ್ಲ. ಅಡಿಕೆ ಸಸಿಗಳ ನಡುವೆ 2.7 ಮೀಟರ್ ಅಂತರವಿರಲಿ ಎಂದು ಕೃಷಿ ವಿಜ್ಞಾನಿಗಳು ಹೇಳಿದರೆ, ನಮ್ಮ ತೋಟದವರು ಒಂಬತ್ತು ಅಡಿಗೆ ಗೂಟ ಹೊಡೆಯುತ್ತಾರೆ. ಎರಡಕ್ಕೂ ನಾಲ್ಕು ಸೆಂಟಿಮೀಟರಿನಷ್ಟು ವ್ಯತ್ಯಾಸವಿದೆ, ಆದರೆ ಆ ಬಗ್ಗೆ ಯಾವ ಸಸಿಯೂ ಇದುವರೆಗೆ ದೂರು ಕೊಟ್ಟಿಲ್ಲ, ಯಾವ ಸಸಿಯಿಂದಲೂ ಯಾರೂ ಅರ್ಜಿ ತುಂಬಿಸಿಕೊಂಡಿಲ್ಲ.

ಮನುಷ್ಯನ ಎತ್ತರದ ಕತೆ ಹಾಗಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗ "ನೂರ ಎಪ್ಪತ್ತೆರಡು" ಎಂದರೆ ಹೆಣ್ಣಿನ ಕಡೆಯವರು ಅದು ತೂಕವೋ ರಕ್ತದೊತ್ತಡವೋ ಎಂದು ಗಾಬರಿಗೊಳ್ಳುತ್ತಾರೆ. "ಐದೂ ಎಂಟು" ಎಂದ ಕೂಡಲೇ ಹುಡುಗ ಎದ್ದು ನಿಂತಂತೆ ಎಲ್ಲರ ಕಣ್ಣಿಗೂ ಕಾಣುತ್ತಾನೆ. ವ್ಯಾಪಾರದಲ್ಲಿ ಮಾನಕವಲ್ಲದ ಅಳತೆಯನ್ನು ಬಳಸಬಾರದೆಂದು 2009ರ ಕಾನೂನು ಮಾಪನ ಕಾಯ್ದೆ ಹೇಳುತ್ತದೆ. ಮದುವೆಯನ್ನು ವ್ಯಾಪಾರವೆಂದು ಸರಕಾರ ಅಧಿಕೃತವಾಗಿ ಒಪ್ಪಿಕೊಂಡಿಲ್ಲವಾದ್ದರಿಂದ, ಅಲ್ಲಿ ಅಡಿ-ಇಂಚುಗಳು ನಿರ್ಭಯವಾಗಿ ಓಡಾಡುತ್ತಿವೆ.

ಅರ್ಜಿಗಳ ಲೋಕದಲ್ಲಿ ಈ ಸಲುಗೆ ಇಲ್ಲ. ಪೊಲೀಸ್ ಕಾನ್‌ಸ್ಟೇಬಲ್ ಆಗಬಯಸುವ ಸಾಮಾನ್ಯ ವರ್ಗದ ಪುರುಷನಿಗೆ ಕೇರಳದಲ್ಲಿ 168 ಸೆಂಟಿಮೀಟರ್ ಎತ್ತರವಿರಬೇಕು. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೂ ಅದೇ 168. ಈ ಎರಡು ಸರಕಾರಗಳು ಚರ್ಚೆಯಿಲ್ಲದೆ ಒಮ್ಮತಕ್ಕೆ ಬಂದ ಅಪರೂಪದ ಅಂಕಿ ಇದಾಗಿರಬಹುದು. ಐದೂವರೆ ಅಡಿ ಇದ್ದರೆ ಪೊಲೀಸ್ ಆಗಬಹುದು ಎಂದು ಮಾವಂದಿರು ಹುರಿದುಂಬಿಸಿ ಕಳುಹಿಸಿದ ಹುಡುಗ ಅಳತೆಯ ಕಂಬದ ಕೆಳಗೆ ಬೆನ್ನು ನೇರ ಮಾಡಿ ನಿಲ್ಲುತ್ತಾನೆ. ಐದೂವರೆ ಅಡಿಯೆಂದರೆ 167.64 ಸೆಂಟಿಮೀಟರ್. ಮೂರೂವರೆ ಮಿಲಿಮೀಟರಿಗಿಂತ ತುಸು ಹೆಚ್ಚಿನ ಕೊರತೆಗಾಗಿ ಅವನು ಮನೆಗೆ ಮರಳುತ್ತಾನೆ. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಗಳು ಹಗಲಿಡೀ ಒತ್ತಿಕೊಳ್ಳುವುದರಿಂದ, ಬೆಳಗ್ಗೆ ಎದ್ದಾಗ ಇದ್ದ ಎತ್ತರ ಸಂಜೆಯ ಹೊತ್ತಿಗೆ ಒಂದು ಸೆಂಟಿಮೀಟರಿನಷ್ಟು ಇಳಿಯುವುದುಂಟು. ಅಂದರೆ ಒಬ್ಬನೇ ಮನುಷ್ಯ ಬೆಳಗ್ಗೆ ಆರಕ್ಷಕ, ಸಂಜೆಗೆ ಬರಿಯ ನಾಗರಿಕ. ಇಷ್ಟಾದರೂ ಈ ನಿಯಮವನ್ನು ನಾನು ದೂರುವುದಿಲ್ಲ. ಅದು ಕಂಬದ ಕೆಳಗೆ ನಿಲ್ಲಿಸಿ, ಮನುಷ್ಯನನ್ನು ಕಣ್ಣಾರೆ ಕಂಡು ಅಳೆಯುತ್ತದೆ. ನಿಜವಾದ ವೈಭವವಿರುವುದು ಕಾಣದೆ ಅಳೆಯುವ ಕಡೆಗಳಲ್ಲಿ.

ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳಿ. ಮುಳ್ಳೇರಿಯದವನೋ ಪೆರ್ಲದವನೋ ಆಗಿರಲಿ. ಐದಡಿ ಹತ್ತಿಂಚು ಎತ್ತರ, ಎಪ್ಪತ್ತು ಕಿಲೋ ತೂಕ, ತಕ್ಕಮಟ್ಟಿಗೆ ಸುಂದರ. ನೌಕರಿಯ ಅರ್ಜಿಯೊಂದನ್ನು ಆನ್‌ಲೈನಿನಲ್ಲಿ ತುಂಬಿಸಲು ಪೇಟೆಯ ಅಂಗಡಿಗೆ ಹೋಗುತ್ತಾನೆ. ಅಡಿಗೆ ಒಂದು ಗೆರೆ, ಇಂಚಿಗೆ ಎರಡು ಗೆರೆ ಹಾಕಿ ಎತ್ತರವನ್ನು ಬರೆಯುವ ಸಂಪ್ರದಾಯವಿದೆಯಷ್ಟೇ. ಆ ಗೆರೆಗಳನ್ನು ಕಂಡೊಡನೆ ಅರ್ಜಿ ಕೆಂಪಾಗುತ್ತದೆ.

"ಅಕ್ಕಾ, ಅದು ಐದಡಿ ಹತ್ತಿಂಚು."

"ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ ತಮ್ಮಾ. ಪಾಯಿಂಟ್ ಹಾಕಿದರೆ ತೆಗೆದುಕೊಳ್ಳುತ್ತದೆ."

ಪಾಯಿಂಟ್ ಹಾಕಲಾಗುತ್ತದೆ. 5.10. ಅಡಿಗೆ ಹನ್ನೆರಡು ಇಂಚು ಎಂಬ ಲೆಕ್ಕ ಮೂರನೆಯ ತರಗತಿಯ ಮಗುವಿಗೂ ಗೊತ್ತಿದ್ದು, ದಶಾಂಶ ಚುಕ್ಕಿಯ ಬಲಗಡೆ ಹತ್ತರ ಲೆಕ್ಕ ನಡೆಯುತ್ತದೆಯೆಂಬುದು ಐದನೆಯ ತರಗತಿಯ ಮಗುವಿಗೂ ಗೊತ್ತಿದ್ದು, ಈ ಎರಡು ತಿಳಿವಳಿಕೆಗಳು ಒಂದೇ ತಲೆಯೊಳಗೆ ಎಂದೂ ಭೇಟಿಯಾಗದಂತೆ ನೋಡಿಕೊಳ್ಳುವುದು ಕಚೇರಿಗಳ ವಿಶೇಷ ಸಾಮರ್ಥ್ಯ. ಹಿಂದೆ ಕುಳಿತ ಯಂತ್ರಕ್ಕಾದರೋ ದಾಕ್ಷಿಣ್ಯವಿಲ್ಲ. ಅದು ಕೊನೆಯ ಸೊನ್ನೆಯನ್ನು ವ್ಯರ್ಥವೆಂದು ಕಿತ್ತು 5.1 ಮಾಡುತ್ತದೆ, 30.48ರಿಂದ ಗುಣಿಸುತ್ತದೆ, 155.4 ಸೆಂಟಿಮೀಟರ್ ಎಂದು ತೀರ್ಪು ಕೊಡುತ್ತದೆ. ಹುಡುಗನ ನಿಜವಾದ ಎತ್ತರ 177.8. ಕುರ್ಚಿಯಿಂದ ಏಳದೆಯೇ ಅವನು ಇಪ್ಪತ್ತೆರಡು ಸೆಂಟಿಮೀಟರ್ ಕುಗ್ಗಿರುತ್ತಾನೆ. ಅವನ ತಮ್ಮ ಐದಡಿ ಎರಡಿಂಚಿನವನಾಗಿದ್ದು ಅದೇ ಅಂಗಡಿಯಲ್ಲಿ 5.2 ಎಂದು ಬರೆಸಿದರೆ, ದಾಖಲೆಯಲ್ಲಿ ಅಣ್ಣನಿಗಿಂತ ಉದ್ದವಾಗುತ್ತಾನೆ. ಚುಕ್ಕಿ ಬೇಡವೆಂದು ಅಡ್ಡಗೆರೆ ಹಾಕಿ 5-10 ಎಂದು ಬರೆದವರ ಪಾಡು ಇನ್ನೂ ಸೊಗಸು. ಕಚೇರಿಯ ಎಕ್ಸೆಲ್ ಹಾಳೆ ಅದನ್ನು ದಿನಾಂಕವೆಂದು ತಿಳಿದು ಅಕ್ಟೋಬರ್ ಐದು ಮಾಡುತ್ತದೆ. ಅಮೆರಿಕದ ಕ್ರಮಕ್ಕೆ ಹೊಂದಿಸಿಟ್ಟ ಹಾಳೆಯಾದರೆ ಮೇ ಹತ್ತು.

ಇಲ್ಲಿಗೆ ಮುಗಿಯಲಿಲ್ಲ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಬಿಎಂಐ ಎಂಬ ಅಂಕಿಯನ್ನು ಅದೇ ಅರ್ಜಿ ತಾನಾಗಿ ತೆಗೆಯುತ್ತದೆ. ನಿಜವಾದ ಎತ್ತರಕ್ಕೆ ಅದು 22; ಲಕ್ಷಣವಾದ ಆರೋಗ್ಯ. ಚುಕ್ಕಿಯ ಎತ್ತರಕ್ಕೆ ಅದು 29ರ ಹತ್ತಿರ ಬರುತ್ತದೆ. ಭಾರತೀಯರಿಗೆ 25 ಮುಟ್ಟಿದರೆ ಬೊಜ್ಜು ಎಂದು ಇಲ್ಲಿನ ವೈದ್ಯರು ಲೆಕ್ಕ ಹಾಕುವುದರಿಂದ, ಒಂದು ತುತ್ತು ಹೆಚ್ಚು ಉಣ್ಣದೆ ಹುಡುಗ ಬೊಜ್ಜಿನವನಾಗುತ್ತಾನೆ. ದಿನಕ್ಕೆ ಅರ್ಧ ಗಂಟೆ ನಡೆಯಬೇಕೆಂಬ ಸಲಹೆಯೂ ಮೊಬೈಲಿಗೆ ಬರುತ್ತದೆ.

ಒಂದು ಕಾಲದಲ್ಲಿ ಇಂಚಿನ ಬಗ್ಗೆ ಜನ ಎಷ್ಟು ಮುತುವರ್ಜಿ ವಹಿಸುತ್ತಿದ್ದರು ನೋಡಿ. ಬ್ರಿಟನ್ನಿನ ಇಂಚಿಗೂ ಅಮೆರಿಕದ ಇಂಚಿಗೂ ಕೆಲವು ದಶಲಕ್ಷಾಂಶದಷ್ಟು ಭೇದವಿತ್ತು. ಕೂದಲೆಳೆಯನ್ನು ಸಾವಿರಕ್ಕೆ ಸೀಳಿದರೂ ಸಿಗದಷ್ಟು. ಅದಕ್ಕಾಗಿ ಆರು ದೇಶಗಳ ಮಾಪನ ಪ್ರಯೋಗಾಲಯಗಳು ಒಪ್ಪಂದ ಮಾಡಿಕೊಂಡು, 1959ರಿಂದ ಇಂಚೆಂದರೆ ಸರಿಯಾಗಿ 2.54 ಸೆಂಟಿಮೀಟರ್ ಎಂದು ಗೊತ್ತುಮಾಡಿದವು. ಅಷ್ಟೆಲ್ಲ ಜತನದಿಂದ ಕೈಗೆ ಬಂದ ಅಂಕಿಯನ್ನು ನಾವು ತಪ್ಪು ಸಂಖ್ಯೆಗೆ ಎರಡು ದಶಾಂಶ ಸ್ಥಾನಗಳವರೆಗೆ ನಿಖರವಾಗಿ ಗುಣಿಸುತ್ತಿದ್ದೇವೆ.

ದರ್ಜಿಯ ಟೇಪೊಂದು ಎದುರಿಗಿದ್ದರೆ ಇಷ್ಟು ರಾದ್ಧಾಂತವಿಲ್ಲ. ಅದರ ಒಂದು ಮೈಯಲ್ಲಿ ಅರುವತ್ತು ಇಂಚು, ಇನ್ನೊಂದು ಮೈಯಲ್ಲಿ ನೂರೈವತ್ತು ಸೆಂಟಿಮೀಟರ್, ತಿರುಗಿಸಿದರೆ ಉತ್ತರ. ಅರುವತ್ತು ಇಂಚೆಂದರೆ 152.4 ಸೆಂಟಿಮೀಟರಾದ್ದರಿಂದ ತುದಿಯ ಹಿತ್ತಾಳೆ ತಗಡಿನ ಬಳಿ ಎರಡು ಮೈಗಳೂ ತುಸು ಮುನಿಸಿಕೊಂಡಿರುತ್ತವೆ, ನಿಜ. ಆದರೆ ಪ್ಯಾಂಟು ಹೊಲಿಯುವವನು ಗಿರಾಕಿಯ ಕಾಲನ್ನು ನೋಡಿಯೇ ಬಟ್ಟೆ ಕತ್ತರಿಸುತ್ತಾನೆ. ಅರ್ಜಿಯ ಮುಂದೆ ಕುಳಿತವರಿಗೆ ಆ ಕಟ್ಟುಪಾಡಿಲ್ಲ. ಎದುರಿಗಿರುವವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬಂದವನಾದರೂ, ಪರದೆಯಲ್ಲಿ 155 ಇದ್ದರೆ ಅವನು 155.

ತಿದ್ದುಪಡಿಗೆ ಅವಕಾಶವಿದೆ, ಸರಕಾರ ಅಷ್ಟು ಕಠೋರವಲ್ಲ. ವೈದ್ಯರಿಂದ ಪ್ರಮಾಣಪತ್ರ ತರಬೇಕು, ಅದರಲ್ಲಿ ಎತ್ತರ ಸೆಂಟಿಮೀಟರಿನಲ್ಲೇ ಇರಬೇಕು. ನಮ್ಮ ಹುಡುಗ ಅರ್ಧ ದಿನ ಸಾಲಿನಲ್ಲಿ ನಿಂತು 177.8 ಎಂದು ಸ್ಪಷ್ಟವಾಗಿ ಬರೆಸಿ, ಮೊಹರು ಹಾಕಿಸಿ ತಂದ. ತಿದ್ದುಪಡಿಯ ಪುಟ ತೆರೆಯಿತು. ಸೆಂಟಿಮೀಟರಿನ ಚೌಕಕ್ಕೆ ಮಾತ್ರ ಚುಕ್ಕಿ ಆಗಿಬರುವುದಿಲ್ಲ, ಬರಿಯ ಅಂಕಿಗಳಷ್ಟೇ ಸಾಕಂತೆ. ಪ್ರಮಾಣಪತ್ರದಲ್ಲಿದ್ದ ಯಾವ ಅಂಕಿಯನ್ನೂ ಬಿಡುವ ಅಧಿಕಾರ ತನಗಿಲ್ಲವೆಂದು ಅಕ್ಕ 1778 ಎಂದು ಒತ್ತಿದಳು. ಹದಿನೇಳೂಮುಕ್ಕಾಲು ಮೀಟರ್, ಅಂದರೆ ಐವತ್ತೆಂಟು ಅಡಿಯ ಆ ಅಭ್ಯರ್ಥಿಯ ಬಿಎಂಐ ಈಗ 0.22 ಆಗಿದೆ. ಬೊಜ್ಜಿನ ಆಕ್ಷೇಪ ತೆರವಾಗಿದ್ದು, ಅರ್ಜಿ ಸ್ವೀಕೃತವಾಗಿದೆ ಎಂಬ ಸಂದೇಶ ಅದೇ ಸಂಜೆ ಬಂತು.