ಗೋಳಗುಮ್ಮಟದ ಆಚೆಗೂ ಊರ ಐತ್ರಿ

ಹೈದರಾಬಾದಿನವರಿಗೆ ಊರು ತೋರಿಸುವ ಹುಚ್ಚು ಜಾಸ್ತಿ. ಹೊರಗಿನಿಂದ ಯಾರೇ ಬರಲಿ, ಚಾರ್‌ಮಿನಾರ್‌ಗೆ ಬೆಳಗ್ಗೆ ಕರೆದುಕೊಂಡು ಹೋಗಬೇಕೋ ಸಂಜೆ ಹೋಗಬೇಕೋ ಅಂತ ಮನೆಯಲ್ಲೇ ಎರಡು ಪಕ್ಷ ಆಗುತ್ತವೆ. ಗೋಲ್ಕೊಂಡಕ್ಕೆ ಒಂದು ದಿನ, ಕುತುಬ್ ಶಾಹಿ ಗೋರಿಗಳಿಗೆ ಅರ್ಧ ದಿನ, ಸಾಲಾರ್ ಜಂಗ್ ಮ್ಯೂಸಿಯಂಗೆ ಮತ್ತೊಂದು ದಿನ. ನಡುವೆ ಇರಾನಿ ಚಹಾ, ಲಾಡ್ ಬಜಾರಿನ ಬಳೆ. ಇಷ್ಟೆಲ್ಲ ಆದ ಮೇಲೂ ಹೊರಟು ನಿಂತವರಿಗೆ "ಇನ್ನೂ ಏನೂ ನೋಡಲೇ ಇಲ್ಲವಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ನಮ್ಮ ವಿಜಯಪುರದ ಪದ್ಧತಿಯೇ ಬೇರೆ. "ಗೋಳಗುಮ್ಮಟ ನೋಡಿದ್ರ್ಯಾ? ಆತ ಬಿಡ್ರಿ, ಎಲ್ಲಾ ನೋಡಿದಂಗ. ಬರ್ರಿ, ಊಟಾ ಮಾಡೂಣು." ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದ ಹಾಗೆ ಊರು ಮುಗಿದುಹೋಗುತ್ತದೆ. ಊಟ ಮಾತ್ರ ಭರ್ಜರಿ, ಅದರಲ್ಲಿ ಎರಡು ಮಾತಿಲ್ಲ. ಕಟಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಆದರೆ ಊಟಕ್ಕೆ ಕೊಟ್ಟಷ್ಟು ಹೊತ್ತನ್ನು ಊರಿಗೆ ಕೊಡುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ, ಹೊಟ್ಟೆಪಾಡಿಗೆ ಇರುವುದು ಹೈದರಾಬಾದಿನಲ್ಲಿ. ಎರಡೂ ಕಡೆಯ ರೀತಿ ನೋಡುತ್ತಿರುವವನಾಗಿ ನನಗೆ ಅನಿಸುವುದು ಇಷ್ಟು: ನಾವು ನಮ್ಮ ಊರನ್ನು ಒಂದು ಕಟ್ಟಡಕ್ಕೆ ಇಳಿಸಿಬಿಟ್ಟಿದ್ದೇವೆ. ವಿಜಯಪುರ ಹತ್ತಿರ ಹತ್ತಿರ ಇನ್ನೂರು ವರ್ಷ ಆದಿಲ್ ಶಾಹಿಗಳ ರಾಜಧಾನಿಯಾಗಿದ್ದ ಊರು. ಯಾರು ಯಾವುದನ್ನು ಕಟ್ಟಿದರು, ಅಷ್ಟು ಜನಕ್ಕೆ ನೀರು ಎಲ್ಲಿಂದ ಬಂತು, ಯಾವ ಗೋಡೆಯ ಹಿಂದೆ ನಿಂತು ಊರು ಕಾದರು, ಇದನ್ನೆಲ್ಲ ಒಂದಕ್ಕೊಂದು ಜೋಡಿಸಿ ತೋರಿಸಿದರೆ ತಾನೇ ರಾಜಧಾನಿ ಕಣ್ಣಿಗೆ ಕಾಣುವುದು? ಸೊಲ್ಲಾಪುರದ ಕಡೆಯಿಂದ ಬೆಳಗ್ಗೆ ಬಂದ ಪ್ರವಾಸಿ ಬಸ್ಸು ಮಧ್ಯಾಹ್ನಕ್ಕೆ ಬಾದಾಮಿ ದಾರಿ ಹಿಡಿಯುತ್ತದೆ. ಬಂದವರನ್ನು ಅಂದು ಏನು ಪ್ರಯೋಜನ? ನಾವು ಹೇಳಿದ್ದೇ ಅಷ್ಟು.

ಅಸಲಿಗೆ ಈ ಎರಡು ಊರುಗಳು ಬೀಗರು. ಗೋಲ್ಕೊಂಡದ ಮಹಮ್ಮದ್ ಕುಲಿ ಕುತುಬ್ ಶಾಹ ಮತ್ತು ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ಇಬ್ಬರೂ 1580ರಲ್ಲೇ ಪಟ್ಟಕ್ಕೆ ಬಂದವರು. ಕುಲಿಯ ಒಡಹುಟ್ಟಿದವಳು ಇಬ್ರಾಹಿಂನ ರಾಣಿಯಾದಳು. ಮುಂದೆ ಇಬ್ರಾಹಿಂನ ಮಗ ಮಹಮ್ಮದ್ ಕೂಡ ಗೋಲ್ಕೊಂಡದ ಮನೆತನದಿಂದಲೇ ಹೆಣ್ಣು ತಂದ. ಕುಲಿ, ಇಬ್ರಾಹಿಂ ಇಬ್ಬರೂ ದಖನಿಯಲ್ಲಿ ಹಾಡು ಕಟ್ಟಿದವರು. ನಮ್ಮ ಇಬ್ರಾಹಿಂ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ಬರೆದ. ಜನ ಅವನನ್ನು ಜಗದ್ಗುರು ಬಾದಶಹಾ ಅಂತ ಕರೆದರು.

ಇಬ್ಬರಿಗೂ ಹೊಸ ಊರು ಕಟ್ಟುವ ಆಸೆ ಇತ್ತು. ಕುಲಿ 1591ರಲ್ಲಿ ಮೂಸಿ ನದಿಯ ಆಚೆ ಚಾರ್‌ಮಿನಾರ್ ಎಬ್ಬಿಸಿ ಹೈದರಾಬಾದ್ ಶುರು ಮಾಡಿದ. ಗೋಲ್ಕೊಂಡದಲ್ಲಿ ಜನ ಜಾಸ್ತಿ ಆಗಿ ನೀರಿಗೆ ತೊಂದರೆ ಆಗಿತ್ತು ಅಂತ ಇತಿಹಾಸ ಬರೆದವರು ಕಾರಣ ಕೊಡುತ್ತಾರೆ. ಇಬ್ರಾಹಿಂ 1599ರಲ್ಲಿ ವಿಜಯಪುರದ ಪಶ್ಚಿಮಕ್ಕೆ ನವರಸಪುರ ಶುರು ಮಾಡಿದ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ಅದನ್ನು ಹಾಳುಗೆಡವಿದ. ಒಬ್ಬನ ಊರಿನ ಟ್ರಾಫಿಕ್ಕಿನಲ್ಲಿ ನಾನು ದಿನಾ ಸಿಕ್ಕಿಹಾಕಿಕೊಳ್ಳುತ್ತೇನೆ. ಇನ್ನೊಬ್ಬನ ಊರಿನಲ್ಲಿ ಸಂಗೀತ ಮಹಲಿನ ಕಮಾನು ತೊರವೆಯ ಹತ್ತಿರ ಒಂಟಿಯಾಗಿ ನಿಂತಿದೆ. ಹೈದರಾಬಾದಿನಲ್ಲಿ ಇಂಥ ಕಥೆ ಇರುವ ಒಂದು ಕಮಾನು ಇದ್ದಿದ್ದರೆ ಅದರ ಮುಂದೆ ಚಹಾದ ಅಂಗಡಿಯ ಸಾಲೇ ಇರುತ್ತಿತ್ತು. ನಮ್ಮಲ್ಲಿ ಆಟೋದವರಿಗೆ "ಸಂಗೀತ ಮಹಲ್" ಅಂದರೆ "ಅಲ್ಲೇನೈತ್ರಿ ಸರ, ಬರೇ ಕಲ್ಲು" ಅನ್ನುತ್ತಾರೆ. ತೊರವೆ ರಾಮಾಯಣದ ತೊರವೆ ಇದೇ. ನರಸಿಂಹನ ಗುಡಿಯೂ ಅಲ್ಲೇ ಇದೆ. ಊರಿನಿಂದ ಐದಾರು ಕಿಲೋಮೀಟರ್, ಅಷ್ಟೇ.

ಗೋಳಗುಮ್ಮಟ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಮೊದಲು ನೋಡಬೇಡಿ ಅಂತ ಹೇಳುತ್ತಿದ್ದೇನೆ. ಮೊದಲು ಅಪ್ಪನ ಗೋರಿ, ಆಮೇಲೆ ಮಗನದು, ಕೊನೆಗೆ ಮೊಮ್ಮಗನದು.

ಅಪ್ಪನದು ಇಬ್ರಾಹಿಂ ರೋಜಾ. ಒಂದೇ ಕಟ್ಟೆಯ ಮೇಲೆ ಈ ಕಡೆ ಗೋರಿ, ಆ ಕಡೆ ಮಸೀದಿ, ನಡುವೆ ನೀರಿನ ಕಾರಂಜಿಯ ಹೊಂಡ. ಕಟ್ಟಿಸಿದ ಶಿಲ್ಪಿ ಮಲಿಕ್ ಸಂದಲ್. ಕಿಟಕಿಗಳ ಹತ್ತಿರ ಹೋಗಿ ನೋಡಿ. ಜಾಲರಿ ಅಂದುಕೊಂಡದ್ದು ಜಾಲರಿಯಲ್ಲ, ಕಲ್ಲನ್ನು ಕೊರೆದು ಬರೆದ ಅಕ್ಷರಗಳು. ಅಕ್ಷರದ ಸಂದಿಯಿಂದಲೇ ಬೆಳಕು ಒಳಗೆ ಹೋಗುತ್ತದೆ. ಮಸೀದಿಯ ಸೂರಿನ ಕೆಳಗೆ ಕಲ್ಲಿನ ಸರಪಳಿ ತೂಗುತ್ತಿವೆ, ಒಂದೇ ಕಲ್ಲಿನಲ್ಲಿ ಕೊಂಡಿ ಕೊಂಡಿಯಾಗಿ ಬಿಡಿಸಿದ್ದು. ಗೋರಿಯ ಒಳಗಿನ ಚಾವಣಿ ಚಪ್ಪಟೆ ಕಲ್ಲಿನದು. ನಡುವೆ ಒಂದು ಕಂಬವೂ ಇಲ್ಲದೆ ಅದು ಹೇಗೆ ನಿಂತಿದೆ ಅಂತ ಇವತ್ತಿನ ಎಂಜಿನಿಯರುಗಳೂ ಕತ್ತೆತ್ತಿ ನೋಡುತ್ತಾರೆ. ಹೈದರಾಬಾದಿನ ಕುತುಬ್ ಶಾಹಿ ಗೋರಿಗಳನ್ನು ಇತ್ತೀಚಿನ ವರ್ಷಗಳಲ್ಲಿ ಬಹಳ ಚೆನ್ನಾಗಿ ದುರಸ್ತಿ ಮಾಡಿದ್ದಾರೆ, ಸುತ್ತ ತೋಟ ಬೆಳೆಸಿದ್ದಾರೆ, ನೋಡಲು ಖುಷಿಯಾಗುತ್ತದೆ. ಆದರೆ ಕಲ್ಲಿನ ಕೆಲಸದ ಮಾತು ಬಂದರೆ ಅಲ್ಲಿ ಇಬ್ರಾಹಿಂ ರೋಜಾಕ್ಕೆ ಜೋಡಿ ಇಲ್ಲ. ಇದನ್ನು ಹೈದರಾಬಾದಿನ ಗೆಳೆಯರ ಮುಂದೆಯೂ ಹೇಳುತ್ತೇನೆ. ಅವರು ಒಪ್ಪುವುದಿಲ್ಲ, ಅದು ಬೇರೆ ಮಾತು.

ಅಪ್ಪನ ಗೋರಿಯನ್ನು ಅಂದದಲ್ಲಿ ಮೀರಿಸುವುದು ಆಗದ ಕೆಲಸ ಅಂತ ಮಗನಿಗೆ ಗೊತ್ತಾಗಿರಬೇಕು. ಮಹಮ್ಮದ್ ಆದಿಲ್ ಶಾಹ ಗಾತ್ರದ ದಾರಿ ಹಿಡಿದ. ಗೋಳಗುಮ್ಮಟ ಅವನು ಬದುಕಿದ್ದಾಗಲೇ ತನಗಾಗಿ ಕಟ್ಟಿಸಿಕೊಂಡದ್ದು. ಅವನು ತೀರಿಕೊಂಡದ್ದು 1656ರಲ್ಲಿ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಕೆಳಗೆ ಒಂದೇ ಒಂದು ಕೋಣೆ, ಒಳಗೆ ಒಂದೂ ಕಂಬ ಇಲ್ಲ. ಒಂದರೊಳಗೊಂದು ಹಾದುಹೋಗುವ ಎಂಟು ಕಮಾನುಗಳು ಆ ಭಾರವನ್ನೆಲ್ಲ ಗೋಡೆಗೆ ಇಳಿಸುತ್ತವೆ. ಮೇಲೆ ಕಾಣುವವು ಗುರುತಿನ ಗೋರಿಗಳು, ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ.

ಮೊಮ್ಮಗ ಎರಡನೇ ಅಲಿ, ತಂದೆಯನ್ನೂ ಮೀರಿಸಲು ಹೊರಟ. 1672ರಲ್ಲಿ ಅವನು ಸತ್ತಾಗ ಕಮಾನುಗಳು ಅರ್ಧಕ್ಕೆ ನಿಂತವು. ಅದೇ ಬಾರಾ ಕಮಾನ್. ಅದಾಗಿ ಹದಿನಾಲ್ಕು ವರ್ಷಕ್ಕೆ, 1686ರಲ್ಲಿ, ಔರಂಗಜೇಬ ವಿಜಯಪುರ ತೆಗೆದುಕೊಂಡ. ಮರುವರ್ಷ ಗೋಲ್ಕೊಂಡವೂ ಹೋಯಿತು. ಈ ಮೂರನ್ನು ಇದೇ ಕ್ರಮದಲ್ಲಿ ನೋಡಿದರೆ ಒಂದು ಮನೆತನ ಹೇಗೆ ಏರಿ ಹೇಗೆ ಇಳಿಯಿತು ಅಂತ ಯಾವ ಗೈಡೂ ಹೇಳಬೇಕಾಗಿಲ್ಲ.

ಇನ್ನು ಸದ್ದಿನ ವಿಷಯ. ಗೋಲ್ಕೊಂಡದಲ್ಲಿ ಬಾಗಿಲ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯ ಬಾಲಾ ಹಿಸಾರಿನಲ್ಲಿ ಕೇಳಿಸುತ್ತದೆ. ಗೈಡ್ ಎಲ್ಲರನ್ನೂ ಸುಮ್ಮನಿರಿಸಿ, ಒಬ್ಬನಿಂದ ತಟ್ಟಿಸಿ, ಶತ್ರು ಬಂದ ಸುದ್ದಿ ಮೇಲಕ್ಕೆ ಹೀಗೆ ಹೋಗುತ್ತಿತ್ತು ಅಂತ ವಿವರಿಸುತ್ತಾನೆ. ಗುಂಪು ಕಿವಿಗೊಟ್ಟು ಕೇಳುತ್ತದೆ. ನಮ್ಮ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ಅದಕ್ಕಿಂತ ದೊಡ್ಡ ಸೋಜಿಗ. ಗೋಡೆಗೆ ಬಾಯಿ ಇಟ್ಟು ಮೆಲ್ಲಗೆ ಆಡಿದ ಮಾತು ಆಚೆ ಬದಿಯಲ್ಲಿ, ಸುಮಾರು 38 ಮೀಟರ್ ದೂರದಲ್ಲಿ, ಕಿವಿಯ ಪಕ್ಕದಲ್ಲೇ ಹೇಳಿದಷ್ಟು ಸ್ಪಷ್ಟ. ಇಂಥ ಕಡೆ ನಾವು ಮಾಡುವುದೇನು? ಸಿಳ್ಳೆ, ಕೂಗು, "ಓಯ್". ಶಾಲೆಯ ಮಕ್ಕಳನ್ನು ಬಿಡಿ, ಅವರು ಕೂಗಲೇಬೇಕು. ದೊಡ್ಡವರೂ ಅದಕ್ಕೇ ಏಳು ಅಂತಸ್ತು ಹತ್ತಿ ಬಂದಿರುತ್ತಾರೆ. ಒಂದು ಕೂಗು ಏಳೆಂಟು ಸಲ ತಿರುಗಿ ಬರುವ ಜಾಗದಲ್ಲಿ ನೂರು ಜನ ಕೂಗಿದರೆ ಗದ್ದಲ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎಲ್ಲರನ್ನೂ ಸುಮ್ಮನಿರಿಸಿ ಒಬ್ಬರಿಂದ ಪಿಸುಗುಟ್ಟಿಸುವ ಏರ್ಪಾಡು ಮಾಡಿದರೆ ಸಾಕು. ದುಡ್ಡು ಬೇಡದ ಕೆಲಸ ಅದು. ಅಲ್ಲಿಯವರೆಗೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಬೇರೆ ದಾರಿ ಇಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ನೀರಿನ ವಿಷಯದಲ್ಲಿ. ವಿಜಯಪುರ ಅಂದರೆ ಬರ, ನೀರಿಲ್ಲದ ನಾಡು ಅಂತ ಹೊರಗಿನವರು ಅನ್ನುತ್ತಾರೆ, ನಾವೂ ಹೌದು ಅಂತ ತಲೆಯಾಡಿಸುತ್ತೇವೆ. ಹತ್ತಿರದಲ್ಲಿ ದೊಡ್ಡ ಹೊಳೆ ಇಲ್ಲದ ಕಡೆ ಅಷ್ಟು ದೊಡ್ಡ ರಾಜಧಾನಿ ಬಾಳಿದ್ದು ಹೇಗೆ ಅಂತ ಒಬ್ಬರೂ ಕೇಳುವುದಿಲ್ಲ. 1565ರ ರಕ್ಕಸಗಿ-ತಂಗಡಗಿ ಯುದ್ಧದ ನಂತರ ಊರಿನ ಜನ ಏರಿತು. 1579ರಲ್ಲಿ ಮೊದಲನೇ ಅಲಿ ತನ್ನ ರಾಣಿ ಚಾಂದಬೀಬಿಯ ಹೆಸರಲ್ಲಿ ಚಾಂದ್ ಬಾವಡಿ ಅನ್ನುವ ದೊಡ್ಡ ಬಾವಿ ಕಟ್ಟಿಸಿದ. ತೊರವೆಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಮುಂದೆ 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಅನ್ನುವ ಕೆರೆ. ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಬರುತ್ತಿತ್ತು. ಕೊಳವೆ ಒಡೆಯದಿರಲಿ ಅಂತ ಸುತ್ತ ಗಾರೆ ಕಟ್ಟಡ. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಅನ್ನುವ ಗೋಪುರಗಳು. ನೀರಿನ ಒತ್ತಡ ತಗ್ಗಿಸುವುದು, ಕೆಸರು ತಳಕ್ಕೆ ಇಳಿಯುವಂತೆ ಮಾಡುವುದು ಅವುಗಳ ಕೆಲಸ. ಈ ಗೋಪುರಗಳಲ್ಲಿ ಕೆಲವು ಇವತ್ತಿಗೂ ಇವೆ. ಅವುಗಳ ನೆರಳಲ್ಲಿ ಬೈಕು ನಿಲ್ಲಿಸುವವರಿಗೆ ಅದೇನು ಅಂತ ಗೊತ್ತಿಲ್ಲ. ಬೀಗರು ನೀರಿಗೆ ಹೊಸ ಊರು ಕಟ್ಟಿಕೊಂಡರು, ನಾವು ಇದ್ದ ಊರಿಗೇ ನೀರು ತಂದೆವು. ತೋರಿಸಿ ಬೀಗುವುದಾದರೆ ಇದನ್ನು ತೋರಿಸಬೇಕು.

ತಾಜ್ ಬಾವಡಿಯ ಹೂಳು, ಕಸ ತೆಗೆಸಿದ ಮೇಲೆ ಅದರ ರೂಪವೇ ಬದಲಾಯಿತು. ದೊಡ್ಡ ಕಮಾನು, ಎರಡೂ ಬದಿಗೆ ಎಂಟು ಮೂಲೆಯ ಗೋಪುರ, ಒಳಗೆ ಚೌಕದ ಹೊಂಡ. ದಖನ್ನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ಸ್ಮಾರಕಗಳ ರಕ್ಷಣೆಗೆ ದುಡಿಯುವ ನ್ಯೂಯಾರ್ಕಿನ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್, ಕಾಳಜಿ ಬೇಕಾದ ತಾಣಗಳ ತನ್ನ 2020ರ ಪಟ್ಟಿಗೆ ಸೇರಿಸಿತು. ನ್ಯೂಯಾರ್ಕಿನವರಿಗೆ ಕಂಡದ್ದು ನಮಗೆ ಕಾಣಲು ಇನ್ನೂ ಎಷ್ಟು ಹೊತ್ತು?

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಕಡೆ ಆನೆಯನ್ನು ಅಗಿಯುತ್ತಿರುವ ಸಿಂಹ. 1854ರಲ್ಲಿ ಬ್ರಿಟಿಷರು ಹರಾಜಿಗಿಟ್ಟಾಗ ಅದಕ್ಕೆ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು. ಉಪ್ಪಲಿ ಬುರುಜಿನ ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಏರುತ್ತದೆ, ಮೇಲೆ ನಿಂತರೆ ಇಡೀ ಊರು ಕಾಣುತ್ತದೆ. ಸಂಜೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗಗನ ಮಹಲ್, ಜುಮ್ಮಾ ಮಸೀದಿ, ಮೆಹತರ್ ಮಹಲ್ ಸಮೀಪ ಸಮೀಪವೇ ಇವೆ. ನಡೆದೇ ನೋಡಬಹುದು. ಅಸರ್ ಮಹಲಿನಲ್ಲಿ ಹೆಂಗಸರಿಗೆ ಒಳಗೆ ಪ್ರವೇಶ ಇಲ್ಲ ಅನ್ನುವುದನ್ನು ಮೊದಲೇ ತಿಳಿಸಿಬಿಡಿ. ದೂರದಿಂದ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಹೇಳುವುದು ಸರಿಯಲ್ಲ.

ಹೈದರಾಬಾದನ್ನು ಹೊಗಳಿದ್ದು ಜಾಸ್ತಿ ಆಯಿತು ಅಂತ ನಮ್ಮವರು ಮುನಿಸಿಕೊಳ್ಳಬಹುದು. ಅಲ್ಲಿಯದೂ ಕೇಳಿ. ಚಾರ್‌ಮಿನಾರ್ ಸುತ್ತ ನಿಂತು ನೋಡಲು ಜಾಗ ಸಿಗುವುದಿಲ್ಲ, ಹಿಂದಿನಿಂದ ತಳ್ಳುತ್ತಲೇ ಇರುತ್ತಾರೆ. ಕಥೆಗೆ ಉಪ್ಪು ಖಾರ ಬೆರೆಸುವುದರಲ್ಲಂತೂ ಅಲ್ಲಿನ ಗೈಡುಗಳು ಎತ್ತಿದ ಕೈ. ಹಳೆಯ ನಗರದ ಕೋಟೆಗೋಡೆಯ ತುಂಡುಗಳೂ ಅಲ್ಲಿ ಹುಡುಕಿದರೆ ಮಾತ್ರ ಸಿಗುತ್ತವೆ. ವಿಜಯಪುರದ ಗೋಡೆ ಹತ್ತು ಕಿಲೋಮೀಟರಿನಷ್ಟು ಸುತ್ತಳತೆಯದು, ಬಹಳಷ್ಟು ಕಡೆ ಇನ್ನೂ ನಿಂತಿದೆ. ಹೊರಗೆ ಕಂದಕ, ಮೇಲೆ ಬುರುಜು. ಅದರ ಪಕ್ಕದಲ್ಲಿ ಬೆಳಗಿನ ಹೊತ್ತು ನಡೆಯುತ್ತಿದ್ದರೆ ನಿಮ್ಮನ್ನು ಕೇಳುವವರೇ ಇರುವುದಿಲ್ಲ. ಈ ನೆಮ್ಮದಿ ಬೀಗರ ಊರಲ್ಲಿ ದುಡ್ಡು ಕೊಟ್ಟರೂ ಸಿಗದು.

ಬರುವವರು ಅಕ್ಟೋಬರಿನಿಂದ ಫೆಬ್ರುವರಿಯೊಳಗೆ ಬನ್ನಿ, ಸಂಕ್ರಾಂತಿಗೆ ಬಂದರೆ ಸಿದ್ಧೇಶ್ವರ ಜಾತ್ರೆಯೂ ಸಿಗುತ್ತದೆ. ಬೇಸಿಗೆಯಲ್ಲಿ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಡುವುದು ಶಿಕ್ಷೆ, ಕಾಲುಚೀಲ ಇರಲಿ. ಗೋಳಗುಮ್ಮಟದ ಮುಂದಿನ ಮ್ಯೂಸಿಯಂಗೆ ಶುಕ್ರವಾರ ರಜೆ. ಒಂದು ರಾತ್ರಿಯಾದರೂ ಉಳಿಯಿರಿ. ಮೊದಲ ದಿನ ಮಧ್ಯಾಹ್ನ ಖಾನಾವಳಿ ಊಟ ಮುಗಿಸಿ ಇಬ್ರಾಹಿಂ ರೋಜಾ, ತಾಜ್ ಬಾವಡಿ, ತೋಪು, ಸೂರ್ಯ ಮುಳುಗುವ ಹೊತ್ತಿಗೆ ಉಪ್ಪಲಿ ಬುರುಜು. ಇವೆಲ್ಲ ಊರಿನ ಪಶ್ಚಿಮ ಬದಿಗೇ ಇವೆ. ಮರುದಿನ ನಸುಕಿಗೆ ಗೋಳಗುಮ್ಮಟ, ಬಿಸಿಲೇರುವ ಮುಂಚೆ ಬಾರಾ ಕಮಾನ್, ಗಗನ ಮಹಲ್. ಆಮೇಲೆ ಬೇಗಂ ತಲಾಬ್ ಇಲ್ಲವೇ ತೊರವೆ, ನಿಮ್ಮಿಷ್ಟ. ಒಂದೇ ದಿನ ಇರುವುದು ಅನ್ನುವವರು ಬೇರೆ ಯಾವುದನ್ನಾದರೂ ಬಿಡಿ, ಇಬ್ರಾಹಿಂ ರೋಜಾ ಬಿಡಬೇಡಿ. ಆಟೋದವರು "ಅಲ್ಲಿ ಹೊತ್ತಾಗ್ತದ್ರಿ ಸರ" ಅಂದರೆ, ಆಗಲಿ ಅನ್ನಿ.