ಐದು ಖಾಲಿ ಪ್ಯಾಕೆಟಿಗೆ ಒಂದು ಹೊಸದು

ನನ್ನ ತವರು ಉಪ್ಪಿನಂಗಡಿ. ನಮ್ಮೂರಿಗೆ ಎರಡು ನದಿ. ಸುಬ್ರಹ್ಮಣ್ಯದ ಕಡೆಯಿಂದ ಕುಮಾರಧಾರ, ಧರ್ಮಸ್ಥಳದ ಕಡೆಯಿಂದ ನೇತ್ರಾವತಿ. ಮಳೆಗೆ ಎರಡೂ ಉಕ್ಕಿ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ನೀರು ಕೂಡಿಕೊಂಡರೆ ಅದಕ್ಕೆ ನಾವು ಸಂಗಮ ಅನ್ನುತ್ತೇವೆ. ಗಂಗಾಪೂಜೆ ಮಾಡುತ್ತಾರೆ. ಎಲ್ಲ ವರ್ಷವೂ ಆಗುವುದಿಲ್ಲ, ಆದ ವರ್ಷ ಊರಿಗೆ ಊರೇ ನೋಡಲು ಬರುತ್ತದೆ. ಚಿಕ್ಕವಳಿದ್ದಾಗ ಅಜ್ಜನ ಕೈ ಹಿಡಿದು ನೋಡಿದ್ದೇನೆ. ಕೆಂಪು ನೀರು. ತೇಲಿ ಬರುವ ತೆಂಗಿನಕಾಯಿ, ಅಡಿಕೆ ಹಾಳೆ, ಒಮ್ಮೆ ಒಂದು ಇಡೀ ಬಾಳೆಗಿಡ.

ಮದುವೆಯಾಗಿ ಮಂಗಳೂರಿಗೆ ಬಂದೆ. ಅದೇ ನೀರು ಇಲ್ಲಿ ಅಳಿವೆ ಬಾಗಿಲಲ್ಲಿ ಕಡಲು ಸೇರುತ್ತದೆ. (ಮಧ್ಯೆ ತುಂಬೆಯಲ್ಲಿ ತಡೆದು ಅದನ್ನೇ ಕುಡಿಯುತ್ತೇವೆ, ಅದು ಬೇರೆ ಮಾತು.)

ಮಳೆಗಾಲ ಮುಗಿಯುತ್ತಾ ಬಂದಾಗ ಮಗನ ಕಾಲೇಜಿನವರು ತಣ್ಣೀರುಬಾವಿ ಕಡಲತೀರದಲ್ಲಿ ಕಸ ಹೆಕ್ಕುವ ಕಾರ್ಯಕ್ರಮ ಇಟ್ಟಿದ್ದರು. ನಾನೂ ಹೋದೆ. ಟೀ ಶರ್ಟ್, ಬ್ಯಾನರ್, ಗ್ರೂಪ್ ಫೋಟೋ ಎಲ್ಲ ಆಯಿತು. ಆಮೇಲೆ ಹೆಕ್ಕಿದ್ದನ್ನು ಬೇರೆ ಬೇರೆ ಮಾಡುವ ಕೆಲಸ ನಮ್ಮಂಥ ನಾಲ್ಕು ಹೆಂಗಸರ ಪಾಲಿಗೆ ಬಂತು. ಚಪ್ಪಲಿ ಒಂದು ರಾಶಿ, ಎಲ್ಲ ಒಂಟಿ. ಬಲೆ, ಹಗ್ಗದ ತುಂಡು ಇನ್ನೊಂದು ರಾಶಿ. ನೀರಿನ ಬಾಟಲಿ ನಾನು ಅಂದುಕೊಂಡಷ್ಟು ಇರಲಿಲ್ಲ. ಆದರೆ ಮರಳಿನಲ್ಲಿ ಅಂಟಿಕೊಂಡ ಪುಟ್ಟ ಪುಟ್ಟ ಪ್ಯಾಕೆಟ್‌ಗಳು! ಶಾಂಪೂ, ಟೊಮೆಟೊ ಸಾಸ್, ಕಾಫಿ ಪುಡಿ, ಪಾನ್ ಮಸಾಲಾ. ಶಾಂಪೂದು ಎಷ್ಟಿವೆ ನೋಡೋಣ ಅಂತ ಎಣಿಸಲು ಕುಳಿತೆವು. ಇನ್ನೂರು ದಾಟಿದ ಮೇಲೆ ಬಿಟ್ಟೆವು.

ಬಾಟಲಿ ಯಾಕೆ ಕಡಿಮೆ, ಪ್ಯಾಕೆಟ್ ಯಾಕೆ ಜಾಸ್ತಿ? ನನ್ನ ಇಡೀ ತಕರಾರು ಇದರಲ್ಲೇ ಇದೆ.

ಬಾಟಲಿಯನ್ನು ಗುಜರಿಯವರು ತೆಗೆದುಕೊಳ್ಳುತ್ತಾರೆ. ಕಸ ಹೆಕ್ಕುವವರು ಮೋರಿಗೆ ಇಳಿದಾದರೂ ಅದನ್ನು ತೆಗೆಯುತ್ತಾರೆ. ಹಾಲಿನ ಪ್ಯಾಕೆಟ್ ಒಂದೇ ಜಾತಿಯ ಪ್ಲಾಸ್ಟಿಕ್. ನಮ್ಮ ಅತ್ತೆ ತೊಳೆದು, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ, ಕಟ್ಟು ಮಾಡಿ ಗುಜರಿಗೆ ಹಾಕುತ್ತಿದ್ದರು. ಶಾಂಪೂ ಪ್ಯಾಕೆಟ್‌ಗೆ ಆ ಭಾಗ್ಯ ಇಲ್ಲ. ಅದು ಒಂದು ಹಾಳೆಯ ಹಾಗೆ ಕಂಡರೂ ಒಂದಲ್ಲ. ಒಂದು ಪದರ ಪಾಲಿಯೆಸ್ಟರ್, ಮಧ್ಯೆ ಹೆಚ್ಚಾಗಿ ಅಲ್ಯೂಮಿನಿಯಂ, ಒಳಗೆ ಪಾಲಿಥೀನ್, ಮೇಲೆ ಬಣ್ಣ, ನಡುವೆ ಅಂಟು. ಬಿಡಿಸುವ ಖರ್ಚು ಬಿಡಿಸಿದ ಮಾಲಿಗಿಂತ ಹೆಚ್ಚು. ಒಂದು ಕಿಲೋ ಆಗಬೇಕಾದರೆ ಸಾವಿರದ ಲೆಕ್ಕದಲ್ಲಿ ಹೆಕ್ಕಬೇಕು, ಹೆಕ್ಕಿದರೂ ಕೊಳ್ಳುವವರಿಲ್ಲ. ಹಾಗಿದ್ದ ಮೇಲೆ ಯಾರು ಬಗ್ಗುತ್ತಾರೆ? ಮಳೆಯೊಂದೇ ಅದನ್ನು ಬಿಡದೆ ಒಯ್ಯುವುದು.

ನಮ್ಮ ಎರಡೂ ನದಿಯ ಮೇಲೆ ಒಂದೊಂದು ದೊಡ್ಡ ಸ್ನಾನಘಟ್ಟ ಇದೆ. ದೂರದಿಂದ ಬಂದ ಭಕ್ತರು ಮುಳುಗು ಹಾಕುತ್ತಾರೆ, ತಲೆಗೆ ಶಾಂಪೂ ಹಾಕುತ್ತಾರೆ, ಹಲ್ಲಿನಲ್ಲಿ ಕಚ್ಚಿ ಹರಿದ ಮೂಲೆಯನ್ನು ಅಲ್ಲೇ ಉಗುಳುತ್ತಾರೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವ ಈಶ್ವರ ಖಂಡ್ರೆಯವರು ನದಿ, ಕೆರೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ಬಟ್ಟೆ ಬಿಟ್ಟು ಹೋಗುವುದನ್ನೂ ತಡೆಯಬೇಕು ಎಂದು ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಒಳ್ಳೆಯ ಮಾತೇ. ಆದರೆ 501ನೇ ಮೀಟರಿನಲ್ಲಿ ಅಂಗಡಿ ಇದ್ದೇ ಇರುತ್ತದೆ, ಭಕ್ತರು ಅದನ್ನು ದಾಟಿಯೇ ಬರುತ್ತಾರೆ. ಬೈಗುಳ ತಿನ್ನುವುದು ಯಾವಾಗಲೂ ಕೊನೆಯ ಇಬ್ಬರು: ಮಾರಿದ ಗೂಡಂಗಡಿಯವರು, ಬಿಸಾಡಿದ ಭಕ್ತರು. ಬಿಸಾಡಿದ್ದು ತಪ್ಪೇ, ನಾನು ಸಮರ್ಥಿಸುವುದಿಲ್ಲ. ಆದರೆ ಎಲ್ಲೂ ಮಾರಲಾಗದ, ಯಾರೂ ಕೊಳ್ಳದ ಕಸವನ್ನು ಮಾಡಿ ಊರೂರಿಗೆ ಕಳಿಸಿದವರು ಎಲ್ಲಿದ್ದಾರೆ?

ಅವರೂ ಕಾನೂನಿನ ಒಳಗೇ ಇದ್ದಾರೆ, ಇನ್ನೇನು ಹೇಳುವುದು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲಿ ಮರುಬಳಕೆ ಆಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕು ಎಂದಿತ್ತು. ಓದಿ ಖುಷಿ ಪಡಬೇಡಿ. ಸರಿಯಾಗಿ ಎರಡು ವರ್ಷಕ್ಕೆ, 2018ರಲ್ಲಿ, ತಿದ್ದುಪಡಿ ಬಂತು. 'ಮರುಬಳಕೆ ಆಗದ' ಅನ್ನುವುದರ ಜೊತೆ 'ಸುಟ್ಟು ಶಕ್ತಿ ತೆಗೆಯಲೂ ಆಗದ, ಬೇರೆ ಉಪಯೋಗಕ್ಕೂ ಬಾರದ' ಎಂಬ ಅರ್ಥದ ಮಾತು ಸೇರಿಕೊಂಡಿತು. ಪ್ಲಾಸ್ಟಿಕ್ ಅಂದಮೇಲೆ ಸುಟ್ಟರೆ ಉರಿಯದೇ ಇರುತ್ತದಾ? ಹಾಗೆ ಎಲ್ಲವೂ ಪಾರಾಯಿತು. ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರಿಸಬಹುದು, ರಸ್ತೆಯ ಡಾಂಬರಿಗೆ ಬೆರೆಸಬಹುದು, ಆದ್ದರಿಂದ ಇದು ಕಸವೇ ಅಲ್ಲ ಅನ್ನುವ ಲೆಕ್ಕ. ಸ್ನಾನಘಟ್ಟದ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಪ್ಯಾಕೆಟ್ ಕಲಬುರಗಿ ಕಡೆಯ ಸಿಮೆಂಟ್ ಗೂಡಿಗೆ ತಾನಾಗಿ ನಡೆದು ಹೋಗಬೇಕು, ಅಷ್ಟೇ ಬಾಕಿ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧ ಬಂತಲ್ಲ, ಆ ಪಟ್ಟಿ ನೋಡಿ. ಕಿವಿಗೆ ಹಾಕುವ ಬಡ್ಸ್‌ನ ಕಡ್ಡಿ, ಐಸ್‌ಕ್ರೀಮ್ ಕಡ್ಡಿ, ಬಲೂನಿನ ಕಡ್ಡಿ, ಸ್ಟ್ರಾ, ಚಮಚ, ಸ್ವೀಟ್ ಬಾಕ್ಸಿನ ಮೇಲಿನ ತೆಳು ಹಾಳೆ. ಶಾಂಪೂ ಪ್ಯಾಕೆಟ್ ಇಲ್ಲ. ಚಿಪ್ಸ್ ಪ್ಯಾಕೆಟ್ ಇಲ್ಲ. ಗುಟ್ಕಾ, ತಂಬಾಕು, ಪಾನ್ ಮಸಾಲಾಕ್ಕೆ ಪ್ಲಾಸ್ಟಿಕ್ ಪ್ಯಾಕೆಟ್ ಕೂಡದು ಎಂದು ಮೊದಲೇ ನಿಯಮ ಇದೆ. ಅದರ ಕಥೆ ತಣ್ಣೀರುಬಾವಿಯ ಮರಳು ಹೇಳುತ್ತದೆ.

ಪ್ಯಾಕೆಟ್ ತಯಾರಿಸುವ ಕಂಪನಿಗಳು ಅಷ್ಟೇ ತೂಕದ ಪ್ಲಾಸ್ಟಿಕ್ಕನ್ನು ವಿಲೇವಾರಿ ಮಾಡಿಸಿ ಪ್ರಮಾಣಪತ್ರ ತರಬೇಕು ಎಂಬ ಪದ್ಧತಿಯೂ ಇದೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕದ ಕೆಲವು ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಕೊಟ್ಟದ್ದು ಸಿಕ್ಕಿಬಿತ್ತು. ಕಾಗದದಲ್ಲಿ ಕರಗಿದ ಪ್ಲಾಸ್ಟಿಕ್ ಎಲ್ಲಿಗೆ ಹೋಗಿರಬಹುದು ಎಂದು ಕೇಳಿದರೆ ನಾನು ಪಶ್ಚಿಮಕ್ಕೆ, ಕಡಲಿನ ಕಡೆಗೆ, ಕೈ ತೋರಿಸುತ್ತೇನೆ. ಜಗತ್ತಿನ ಮಟ್ಟದಲ್ಲೂ ಅಷ್ಟೇ. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಹೆಚ್ಚುಕಡಿಮೆ ಎಲ್ಲ ದೇಶದವರು ಕುಳಿತು ಪ್ಲಾಸ್ಟಿಕ್ ಒಪ್ಪಂದಕ್ಕೆ ಮಾತಾಡಿದರು. ಒಪ್ಪಂದ ಆಗದೆ ಎದ್ದು ಹೋದರು.

ಇಷ್ಟು ಹೇಳಿದರೆ ಒಬ್ಬರಾದರೂ ಬಂದು 'ಸೀಗೆಕಾಯಿ ಹಾಕಿ, ದಾಸವಾಳದ ಸೊಪ್ಪು ಹಾಕಿ' ಎಂದು ಬರೆಯುತ್ತೀರಿ. ದಯವಿಟ್ಟು ಬೇಡ. ಅಮ್ಮ ದಾಸವಾಳದ ಸೊಪ್ಪು ಕಿವುಚಿ ನಾಲ್ಕು ಮಕ್ಕಳ ತಲೆಗೆ ಹಾಕುತ್ತಿದ್ದರು. ಆ ಲೋಳೆ ಹೋಗಲು ಹಂಡೆಗಟ್ಟಲೆ ಬಿಸಿನೀರು ಬೇಕು, ಅದಕ್ಕೆ ಸೌದೆ ಬೇಕು, ಸೌದೆ ತರಲು ಮತ್ತೆ ಅಮ್ಮನೇ ಬೇಕು. ಒಂದು ರೂಪಾಯಿ ಪ್ಯಾಕೆಟ್ ಬಂದಾಗ ನಮ್ಮ ಮನೆಯಲ್ಲಿ ಅತಿ ಹೆಚ್ಚು ಖುಷಿಪಟ್ಟದ್ದು ಅವರೇ. ದಿನಗೂಲಿಯ ಹೆಂಗಸಿಗೂ ಚೆನ್ನಾಗಿ ತಲೆ ತೊಳೆಯುವ ಆಸೆ ಇರುತ್ತದೆ. ಇನ್ನೂರು ರೂಪಾಯಿ ಬಾಟಲಿ ಒಂದೇ ಸಲ ಕೊಳ್ಳಲು ಅವಳಿಗೆ ಆಗುವುದಿಲ್ಲ. ಪ್ಯಾಕೆಟ್ ಮಾಡಿದವರು ಅವಳನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದರು. ಖಾಲಿಯಾದ ಮೇಲೆ ಏನು ಅನ್ನುವುದನ್ನು ಮಾತ್ರ ಬಿಟ್ಟರು.

ಮೊದಮೊದಲು ಅದನ್ನೂ ಬಿಟ್ಟಿರಲಿಲ್ಲ ಅನ್ನುವುದೇ ತಮಾಷೆ. 1980ರ ದಶಕದಲ್ಲಿ ತಮಿಳುನಾಡಿನಲ್ಲಿ ಚಿಕ್ ಶಾಂಪೂ ಹೊಸದಾಗಿ ಬಂದಾಗ ಒಂದು ಸ್ಕೀಮ್ ಇತ್ತು. ಯಾವುದೇ ಕಂಪನಿಯ ಐದು ಖಾಲಿ ಪ್ಯಾಕೆಟ್ ತಂದುಕೊಟ್ಟರೆ ಒಂದು ಚಿಕ್ ಪ್ಯಾಕೆಟ್ ಪುಕ್ಕಟೆ. ಆಮೇಲೆ ಅದನ್ನು ಚಿಕ್‌ನ ಖಾಲಿ ಪ್ಯಾಕೆಟಿಗೆ ಮಾತ್ರ ಎಂದು ಮಾಡಿದರು. ಕಡಲಿನ ಮೇಲಿನ ಪ್ರೀತಿಯಿಂದಲ್ಲ, ವ್ಯಾಪಾರಕ್ಕೆ. ಆದರೆ ನೋಡಿ, ಜನ ತಂದುಕೊಟ್ಟರು. ಅಂಗಡಿಯವರು ತೆಗೆದುಕೊಂಡರು. ಮಾಲು ಹೋದ ದಾರಿಯಲ್ಲೇ ಖಾಲಿಯೂ ವಾಪಸ್ ಬರುತ್ತದೆ ಎಂದು ಕಂಪನಿಗಳಿಗೆ ಆಗಲೇ ಗೊತ್ತಾಗಿತ್ತು.

ನಾವೆಲ್ಲ ಸೋಡಾ ಬಾಟಲಿಗೆ ದುಡ್ಡು ಇಟ್ಟು ಬೆಳೆದವರೇ ಅಲ್ವಾ? ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಯ ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ಕೊಟ್ಟರೆ ವಾಪಸ್ ಕೊಡುತ್ತಾರೆ. ಹೈಕೋರ್ಟ್ ಹೇಳಿದ ಮೇಲೆ ಮಾಡಿದ್ದು. ಕುಡಿದವನೇ ಜೋಪಾನವಾಗಿ ಬಾಟಲಿ ತಂದುಕೊಡುತ್ತಾನೆ ಎಂದರೆ ನಾವು ಸ್ನಾನ ಮಾಡಿದವರು ತಂದುಕೊಡುವುದಿಲ್ಲವಾ? ಪ್ಯಾಕೆಟೇ ಬೇಡ ಅನ್ನುವುದಾದರೆ ಅದಕ್ಕೂ ದಾರಿ ನಮ್ಮೂರಲ್ಲೇ ಇದೆ. ತೆಂಗಿನೆಣ್ಣೆಗೆ ನಾವು ಈಗಲೂ ಮಿಲ್ಲಿಗೆ ಬಾಟಲಿ ಹಿಡಿದುಕೊಂಡು ಹೋಗುತ್ತೇವೆ. ಶಾಂಪೂಗೂ ಅಂಗಡಿಯಲ್ಲಿ ಒಂದು ಕ್ಯಾನ್, ಒಂದು ಅಳತೆಯ ಮುಚ್ಚಳ ಇಟ್ಟರೆ ಒಂದು ರೂಪಾಯಿಗೆ ಒಂದು ಮುಚ್ಚಳ ಕೊಡಬಹುದು. ಕಂಪನಿ ಮನಸ್ಸು ಮಾಡಬೇಕು.

ಕಡಲಿಗೆ ಹೋದದ್ದನ್ನು ಮೀನುಗಾರರು ತರುತ್ತಾರಲ್ಲ ಎನ್ನಬೇಡಿ. ಕೇರಳದ ಕೊಲ್ಲಂನ ನೀಂಡಕರದಲ್ಲಿ 2017ರಲ್ಲಿ ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಬೋಟಿನವರು ದಡಕ್ಕೆ ತಂದು ಕೊಡುವ ವ್ಯವಸ್ಥೆ ಶುರುವಾಯಿತು, ನನಗೆ ಅವರ ಮೇಲೆ ಗೌರವ. ಆದರೆ ಬಂಗುಡೆಗೆ ಹಾಕಿದ ಬಲೆಯಲ್ಲಿ ನಮ್ಮ ಕಸ ಹೆಕ್ಕಿ ಕೊಡುವುದು ಅವರ ಕೆಲಸವಾ?

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಒಂದು ಹುಚ್ಚು ಕೆಲಸ ಮಾಡಿದೆ. ನಮ್ಮ ಮನೆ ಹತ್ತಿರದ ಗೂಡಂಗಡಿಯ ಅಕ್ಕನಿಗೆ ಐನೂರು ರೂಪಾಯಿ ಕೊಟ್ಟು, 'ಐದು ಖಾಲಿ ಶಾಂಪೂ ಪ್ಯಾಕೆಟ್ ತಂದವರಿಗೆ ಒಂದು ಹೊಸದು ಕೊಡಿ, ನನ್ನ ಲೆಕ್ಕಕ್ಕೆ' ಎಂದೆ. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

'ನಿಂಗೆ ಎಂತ ಆಗಿದೆ ಮಾರಾಯ್ತಿ? ಕಸಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ?'

'ಒಂದು ವಾರ ನೋಡುವ ಅಕ್ಕ.'

ವಾರ ಬೇಕಾಗಲಿಲ್ಲ. ಮೊದಲ ದಿನ ಯಾರೂ ಬರಲಿಲ್ಲ. ಎರಡನೇ ದಿನ ಇಬ್ಬರು ಹೆಂಗಸರು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದರಂತೆ. ಮೂರನೇ ದಿನ ಶಾಲೆಗೆ ರಜೆ. ಹುಡುಗರು ಹೊಳೆ ಬದಿಗೆ ಹೋಗಿ, ಬಂಡೆ ಸಂದಿಯೆಲ್ಲ ಹುಡುಕಿ, ಅಕ್ಕಿ ಚೀಲದಲ್ಲಿ ತುಂಬಿಸಿ ತಂದಿದ್ದರು. ಅರ್ಧಕ್ಕರ್ಧ ಮರಳು. ಅಕ್ಕ ನೆಲದಲ್ಲಿ ಹರಡಿ ಐದೈದಾಗಿ ಎಣಿಸುತ್ತಾ ನನ್ನನ್ನು ಬೈಯುತ್ತಿದ್ದರು. ಸಂಜೆಗೆ ನನ್ನ ಐನೂರು ಖಾಲಿ.

ಕೊನೆಗೆ ಉಳಿದ ಒಬ್ಬ ಪುಟ್ಟ ಹುಡುಗ ಚೀಲ ಕೊಡವಿ ನನ್ನ ಹತ್ತಿರ ಬಂದ.

'ಚಿಪ್ಸ್ ಪ್ಯಾಕೆಟಿಗೆ ಎಷ್ಟು ಕೊಡ್ತೀರಿ ಅಕ್ಕ? ಅದು ಇನ್ನೂ ಸುಮಾರು ಉಂಟು ಅಲ್ಲಿ.'

ನಾನು ಬಾಯಿ ತೆರೆಯುವ ಮೊದಲೇ ಅಂಗಡಿ ಅಕ್ಕ ಹೇಳಿದರು, 'ಅದಕ್ಕೆ ಇವಳ ಗಂಡನ ಮನೆ ಮಾರಬೇಕಾದೀತು ಮಗಾ, ಹೋಗು.'